ಇಟ್ಟಿಗೆ ಗೂಡಿನ ಕಲಾವಿದ

ಹಿರಿಯೂರು ಹತ್ತಿರದ ಇಟ್ಟಿಗೆ ಗೂಡಿನಲ್ಲಿ ಕೂಲಿಗಿರುವ ಪ್ರಭುಲಿಂಗನನ್ನು ಫೋನಿನಲ್ಲಷ್ಟೇ ನೋಡಿದವರು ದೊಡ್ಡ ಸೆರಾಮಿಕ್ ಕಲಾವಿದನೆಂದೇ ನಂಬುತ್ತಾರೆ. ಎಲ್ಲಿ ಕಲಾಪ್ರದರ್ಶನ, ಎಲ್ಲಿ ಊಟ-ವಸತಿ ಕೊಟ್ಟು ಕಲಾವಿದರನ್ನು ಇಟ್ಟುಕೊಳ್ಳುವ ರೆಸಿಡೆನ್ಸಿ ಎಂದರೂ ಇವನ ಅರ್ಜಿ ಮೊದಲು ತಲುಪುತ್ತದೆ. ದಿನಕ್ಕೆ ಎಂಟುನೂರು ಇಟ್ಟಿಗೆ ಕೊಯ್ಯುವುದನ್ನು ‘ಪುನರಾವರ್ತನೆಯ ಧ್ಯಾನ’ ಎಂದು ಬರೆದು, ಸುಡುವಾಗ ಸೊಂಡಿಲು ಉದುರಿದ ಮಣ್ಣಿನ ಆನೆಗೆ ‘ಅಪೂರ್ಣ’ ಎಂದು ಹೆಸರಿಟ್ಟು, ತಾನೇ ನಕ್ಕು ಕಳಿಸಿಬಿಡುತ್ತಾನೆ. ‘ವಿಷಾದಿಸುತ್ತೇವೆ’ ಎಂಬ ಉತ್ತರ ಬಂದರೆ, “ನೋಡ್ರಿ, ಎಷ್ಟು ಮರ್ಯಾದೆಯಿಂದ ಬ್ಯಾಡ ಅಂದವ್ರೆ” ಎಂದು ಎಲ್ಲರಿಗೂ ತೋರಿಸುತ್ತಾನೆ. ಈ ಸಲ ಒಂದು ರೆಸಿಡೆನ್ಸಿಗೆ ಆಯ್ಕೆಯಾಗಿಯೇ ಬಿಟ್ಟ. “ನೀನು ಒಂದ್ ತಿಂಗಳು ಅಲ್ಲಿಗೆ ಹೋದ್ರೆ ಇಲ್ಲಿ ನಿಂಗೆ ಕೆಲಸ ಇರಲ್ಲ ನೋಡು. ಇಲ್ಲಿಲ್ಲದ ಮಣ್ಣು ಅಲ್ಲೇನೈತಲೇ?” ಎಂದ ಮೇಸ್ತ್ರಿ ಪಾಲಯ್ಯ. ಪ್ರಭುಲಿಂಗ ಹಸಿ ಇಟ್ಟಿಗೆಯ ಮೇಲೆ ಅಚ್ಚೊತ್ತಿದ್ದ ಮಾಲೀಕರ ಹೆಸರನ್ನು ಬೆರಳಿನಿಂದ ಸವರಿದ. “ಅಲ್ಲಿ ನಾನು ಮಾಡಿದ್ದಕ್ಕೆ ನನ್ ಹೆಸರು ಹಾಕ್ತಾರಣ್ಣ.”