ಹುಣಸೆಹಣ್ಣು ಹಾಕಿ ತಿಕ್ಕಿದ ನಾಣ್ಯ

ಹಾನಗಲ್ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ಗಿರಮಿಟ್ ತಿನ್ನುತ್ತಿದ್ದೆ. ಪಕ್ಕದ ಮೇಜಿನಲ್ಲಿ ತಡಸದ ಕಡೆಯ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ, ಕಂಚಿನ ನಾಣ್ಯವೊಂದನ್ನು ನಿವೃತ್ತ ಇತಿಹಾಸ ಮೇಷ್ಟ್ರ ಮುಂದಿಟ್ಟರು. ಸೋಮವಾರ ನಾನು ತಿಕ್ಕಿಟ್ಟ ಪೂಜೆಯ ತಂಬಿಗೆಯಂತೆ ಅದು ಹೊಳೆಯುತ್ತಿತ್ತು.

"ನಮ್ಮ ಮನಿಯವರಿಗೆ ಹೊಲದಾಗ ಸಿಕ್ಕಿತ್ತರಿ. ರೋಮ್ ದೇಶದ ರಾಜಂದು ಅಂತಿದ್ರು. ಊರ ಮಂದಿ ಅವರಿಗೇ 'ರೋಮ್ ರಾಜ' ಅಂತ ಹೆಸರಿಟ್ಟು ಸಾಯೂತನಕ ನಕ್ರು. ನೀವು ಹೌದಂದ್ರ ಸಾಕ್ರಿ ಸರ, ಊರವರ ಬಾಯಿ ಮುಚ್ಚತಾವ."

ಮೇಷ್ಟ್ರು ಭೂತಗನ್ನಡಿ ಹಿಡಿದು ಎರಡೂ ಬದಿ ನೋಡಿದರು. ಮುಖವಿರಬೇಕಾದಲ್ಲಿ ಸಣ್ಣದೊಂದು ಉಬ್ಬು ಮಾತ್ರ ಉಳಿದಿತ್ತು.

"ಇದನ್ನ ತೊಳದೀರೇನು?"

"ದೊಡ್ಡವರ ಕೈಯಾಗ ಕೊಡೂದು, ಹೊಲಸು ಹೆಂಗ ತರಲಿ? ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೇನ್ರಿ."

"ನೀವು ತಿಕ್ಕಿ ತಗದ ಹಸರ ಕಿಲುಬಿನ ಪದರದಾಗ ಇತ್ತು ಯವ್ವಾ, ರಾಜನ ಮುಖ, ಹೆಸರು ಎಲ್ಲಾ. ರೋಮ್‌ದು ಇರಬಹುದು. ಹೌದಂತ ಹೇಳಾಕ ಈಗ ಆಗಂಗಿಲ್ಲ."

ಆಕೆ ನಾಣ್ಯವನ್ನು ವಾಪಸ್ ತೆಗೆದುಕೊಂಡರು. "ಅವರು ಇರೂತನಕ ತೊಳಿಯಾಕ ಬಿಡಲೇ ಇಲ್ರಿ. ಹುಚ್ಚು ಹಿಡದೈತಿ ಅಂತ ನಾನೂ ನಗತಿದ್ದೆ."

ಆಕೆ, ನಾನು ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಹಿಂದಿನ ಸೀಟಿನಿಂದ ಅವರ ಊರಿನವನೊಬ್ಬ ಕೂಗಿದ: "ಏನಬೇ ರೋಮಿನ ರಾಣಿ, ನಿಮ್ಮ ರಾಜ ಸಿಕ್ಕನೇನು?" ಅರ್ಧ ಬಸ್ಸು ನಕ್ಕಿತು. ಆಕೆ ತಿರುಗಿ ನೋಡಲಿಲ್ಲ. ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಹಾಗೇ ಇತ್ತು.