ತೊಂಬತ್ತೆಂಟರ ಎಂಜಿನ್

ಗ್ಯಾರೇಜಿಗೆ ಬರುವವರೆಲ್ಲ ಬೈಸಿಕೊಳ್ಳೋಕೇ ಬರ್ತಾರೇನೋ ಅಂತ ಮೇಸ್ತ್ರಿಯ ಹೆಂಡತಿ ಹೇಳುವುದುಂಟು. ಮೂವತ್ತೈದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈ ಅವನದು. ಆದರೆ ಜನ ಕರೆಯುವುದು 'ಕಿವಿ ಮೇಸ್ತ್ರಿ' ಅಂತ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ, ರೋಗ ಇಂಥದ್ದೇ ಎಂದು ಹೇಳಿಬಿಡುವನು. ಅಷ್ಟು ಬಂದಮೇಲೆ ಮಿಕ್ಕವರೆಲ್ಲ ದಡ್ಡರಾಗಿ ಕಾಣದೆ ಇನ್ನೇನು?

ದಡ್ಡರಲ್ಲೂ ಪೆಟ್ರೋಲ್ ದಡ್ಡರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಪುಟ್ಟ ಕಾರಿಗೆ ತೊಂಬತ್ತೆಂಟು ಆಕ್ಟೇನ್ ಕುಡಿಸಿ "ಈಗ ಏನ್ ಪಿಕಪ್ ಅಂತೀರಿ!" ಎಂದ ಬ್ಯಾಂಕ್ ಗುಮಾಸ್ತನ ನೀರಿಳಿಸಿಬಿಟ್ಟಿದ್ದ.

"ಅದೇನು ಟಾನಿಕ್ಕೇನ್ರೀ? ಎಂಜಿನ್ ಒಳಗೆ ಹಿಂಡಿದಾಗ ಪೆಟ್ರೋಲು ತಾನಾಗೇ ಹೊತ್ಕೊಳ್ಳದೆ ಎಷ್ಟು ತಡ್ಕೊಳ್ಳತ್ತೆ ಅನ್ನೋ ಲೆಕ್ಕ, ಅಷ್ಟೇ. ನಿಮ್ಮ ಕಾರು ಹಿಂಡೋದೇ ಒಂದ್ ಚೂರು. ಅದಕ್ಕೆ ತೊಂಬತ್ತೊಂದೇ ಜಾಸ್ತಿ. ನಿಮ್ಮ ಪಿಕಪ್ ಇರೋದು ನಿಮ್ಮ ತಲೇಲಿ!"

ಈ ಬೈಗುಳಕ್ಕೆಲ್ಲ ಸೊಪ್ಪು ಹಾಕದವಳು ಮಗಳೊಬ್ಬಳೇ. ಅಪ್ಪನ ಜೊತೆಗೇ ಕೆಲಸ ಕಲಿತವಳು. ಹಲ್ಲಿನ ಡಾಕ್ಟರೊಬ್ಬರ ಹಳೇ ಕಾರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿ, ನಾಲ್ಕು ತಿಂಗಳು ಕೂತು ಎಂಜಿನ್ ಕಟ್ಟಿದ್ದಳು. ಪೂರ್ತಿ ಅವಳೇ ಕಟ್ಟಿದ ಮೊದಲ ಎಂಜಿನ್. ಪೆಟ್ರೋಲ್ ಮುಚ್ಚಳದ ಮೇಲೆ '98 ಮಾತ್ರ' ಎಂದು ದಪ್ಪಕ್ಷರದ ಚೀಟಿಯನ್ನೂ ಅಂಟಿಸಿದ್ದಳು. ಪೆಟ್ರೋಲು ತಾನಾಗೇ ಹೊತ್ತಿಕೊಂಡು ಒಳಗೆ ಬಡಿತ ಶುರುವಾದರೆ ತಿಳಿಸುವ ಸೆನ್ಸರ್ ಹಾಕೋಣ ಎಂದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದ.

"ನಾನಿನ್ನೂ ಸತ್ತಿಲ್ಲ ಕಣೇ. ಇಂಥ ಕಿವಿ ಇಟ್ಕೊಂಡು ಅಂಗಡಿಯಿಂದ ಕಿವಿ ತರಬೇಕಾ?"

ಒಂದು ಶನಿವಾರ ಬೆಳಿಗ್ಗೆ ಮಗಳು ಬಿಡಿಭಾಗ ತರಲು ಹೋಗಿದ್ದಾಗ ಡಾಕ್ಟರು ಬಂದರು. "ಮೇಸ್ತ್ರಿ, ಬಂಕ್‌ನಲ್ಲಿ ತೊಂಬತ್ತೆಂಟು ಇರಲಿಲ್ಲ, ತೊಂಬತ್ತೈದು ಹಾಕಿಸಿಬಿಟ್ಟೆ. ನಾಳೆ ಗುಡ್ಡದ ರೇಸು. ಓಡಿಸಬಹುದಾ, ತೆಗೆಸಿಬಿಡ್ಲಾ?"

ಮೇಸ್ತ್ರಿ ತಾನೇ ಸ್ಟೇರಿಂಗ್ ಹಿಡಿದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರುರಸ್ತೆಗೆ ಹೊರಟ. ಪೆಡಲನ್ನು ತಳ ಮುಟ್ಟುವಷ್ಟು ಒತ್ತಿದ. ಡಾಕ್ಟರ ಹುಬ್ಬು ಗಂಟಿಕ್ಕಿತು. "ಏನೋ ಕಿಣಿಕಿಣಿ ಅಂತಿದೆಯಲ್ಲ? ತಗಡಿನ ಡಬ್ಬೀಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ?"

"ಹಲ್ಲು ನೋಡೋರು ಹಲ್ಲು ನೋಡ್ಕೊಂಡಿರಿ ಡಾಕ್ಟ್ರೇ. ನನಗೆ ಕೇಳಿಸ್ತಿಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ. ಆರಾಮಾಗಿ ಓಡಿಸಿ."

ಸೋಮವಾರ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ತಂದರು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ನೀಲಿ ಹೊಗೆ ಕಾರಿ ನಿಂತಿತ್ತಂತೆ. ಮಗಳು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಳು. ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಬಣ್ಣದ ಚುಕ್ಕೆಗಳು. ಪಿಸ್ಟನ್ನೇ ಕರಗಿ ಸಿಡಿದಿತ್ತು.

"ತೊಂಬತ್ತೈದು ಹಾಕಿಸಿದ್ರಾ?" ಎಂದಳು.

"ಹಾಕಿಸ್ದೆ. ನಿಮ್ಮಪ್ಪನೇ ಪರೀಕ್ಷೆ ಮಾಡಿ ಓಡಿಸಿ ಅಂದ್ರಲ್ಲ! ಅಂಥ ಕಿವಿಗೇ ಏನೂ ಕೇಳಿಸಿಲ್ಲ ಅಂದ್ಮೇಲೆ ಅದು ಪೆಟ್ರೋಲಿನ ತಪ್ಪಲ್ಲಮ್ಮ. ನೀನು ಕಟ್ಟಿದ್ದರಲ್ಲೇ ಏನೋ ಎಡವಟ್ಟಾಗಿದೆ. ಇನ್ನು ಈ ಕಾರು ನಿನ್ನ ಕೈಗೆ ಕೊಡಲ್ಲ."

ಆಯಿಲ್ ಬದಲಿಸಲು ಬಂದಿದ್ದ ಗುಮಾಸ್ತ ಎಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದ. ಮಗಳು ಡಾಕ್ಟರ ಫೋನನ್ನು ಕೇಳಿ ಪಡೆದು, ರೇಸಿನ ವೇಳೆ ಕಾರಿನೊಳಗೆ ತೆಗೆದ ವಿಡಿಯೋ ಹಾಕಿ, ಅಪ್ಪನನ್ನು ಒಳಕೋಣೆಗೆ ಕರೆದು ಕಿವಿಗೆ ಹಿಡಿದಳು.

"ಕೇಳಿಸ್ತಾ ಅಪ್ಪ?"

"ಏನಿದೆ ಕೇಳೋಕೆ? ಎಂಜಿನ್ ಚೆನ್ನಾಗೇ ಓಡ್ತಿದೆ."

"ಶುರುವಿನಿಂದ ಬಡ್ಕೊಳ್ತಿದೆ. ಗೇಟಿನ ಹತ್ರ ನಿಂತೋರಿಗೂ ಕೇಳಿಸತ್ತೆ."

ಮೇಸ್ತ್ರಿಗೆ ಮನೆಯ ಗಡಿಯಾರ ನೆನಪಾಯಿತು. ಅಲಾರಂ ಅಷ್ಟು ಹೊತ್ತಿಂದ ಕಿರುಚ್ತಿದೆ, ಏಳ್ರೀ ಎಂದು ಹೆಂಡತಿ ಅಂದಾಗಲೆಲ್ಲ, ಅದು ಕೆಟ್ಟಿದೆ, ಬಿಸಾಕು ಎಂದು ಅವಳ ಮೇಲೇ ರೇಗಿದ್ದ. ಎರಡು ವರ್ಷದಿಂದ!

ಮಗಳು ದನಿ ತಗ್ಗಿಸಿದಳು. "ಹೋಗ್ಲಿ ಬಿಡಪ್ಪ. ನನ್ನದೇ ತಪ್ಪು ಅಂದ್ಬಿಡ್ತೀನಿ. ನಿನ್ನ ಕಿವಿ ಹೋಗಿದೆ ಅಂತ ಗೊತ್ತಾದ್ರೆ ಇಲ್ಲಿಗೆ ಯಾರು ಬರ್ತಾರೆ?"

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನಿಗೂ ಅದೇ ಸರಿ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಿದ್ದಕ್ಕೇ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಬಾಗಿಲನ್ನು ದಢಾರನೆ ತಳ್ಳಿಕೊಂಡು ಹೊರಗೆ ಬಂದ.

"ಡಾಕ್ಟ್ರೇ, ಎಂಜಿನ್ ಅಪ್ಪಟವಾಗಿತ್ತು. ತೊಂಬತ್ತೆಂಟೇ ಹಾಕಿ ಅಂತ ನನ್ನ ಮಗಳು ಬರೆದು ಅಂಟಿಸಿದ್ಲು. ಅದನ್ನ ಕಣ್ಣಾರೆ ನೋಡಿ, ಬಡಿತ ನಿಮಗೆ ಕೇಳಿಸ್ತಿದ್ರೂ ಬಾಯಿ ಮುಚ್ಚಿಸಿ ಓಡಿಸಿ ಅಂದ ಅಯೋಗ್ಯ ನಾನು. ಮಾತು ಕೇಳಿಸತ್ತೆ, ಅಂಥ ಕಿಣಿಕಿಣಿ ಸದ್ದು ಮಾತ್ರ ನನಗೆ ಕೇಳಿಸೋದೇ ಇಲ್ಲ. ಕಿವುಡ! ಕಿವಿ ಮೇಸ್ತ್ರಿಯಂತೆ, ಥೂ!"

ಗುಮಾಸ್ತ ನಗಬಹುದಿತ್ತು, ಹಕ್ಕಿತ್ತು ಅವನಿಗೆ. ನೆಲ ನೋಡುತ್ತ ನಿಂತ.

"ಅಪ್ಪ, ಸಾಕು ಬಿಡು," ಎಂದು ಮಗಳು ಹಿಂದಿನಿಂದ ಮೆಲ್ಲಗೆ ಹೇಳಿದಳು.

ಅದು ಅವನಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ. ಉದ್ದನೆಯ ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಎಸೆದು, "ಪಿಸ್ಟನ್ ನನ್ನ ಖರ್ಚು, ಕೆಲಸ ಅವಳದ್ದು," ಎಂದ. "ಇನ್ಮೇಲೆ ಎಂಜಿನ್ ವಿಷಯ ಏನಿದ್ರೂ ಅವಳ ಹತ್ರ ಮಾತಾಡಿ. ಬೈಸ್ಕೊಳ್ಳೋದಿದ್ರೆ ಮಾತ್ರ ನನ್ನ ಹತ್ರ ಬನ್ನಿ."