ಸಾಹುಕಾರನ ಹೊಟ್ಟೆ ನನಗ್ಯಾಕೆ

ಕೇಳ್ರಪ್ಪ, ಇವತ್ತು ದಾವಣಗೆರೆ ಟಾಕೀಸಿನಲ್ಲಿ ನನ್ನ ಮರ್ಯಾದೆ ಹೋಯ್ತು. ಸಿನಿಮಾಕ್ಕೆ ಮೊದಲು ಒಂದು ಸಣ್ಣ ಕಾರ್ಟೂನ್ ರೀಲು ಬಿಟ್ಟರು. ಅದರಲ್ಲಿ ಬರೋ ಸಾಹುಕಾರನಿಗೆ ಗುಡಾಣದಂಥ ಹೊಟ್ಟೆ, ಬೋಳು ತಲೆ, ಬಾಯಲ್ಲಿ ಚುಟ್ಟಾ. ಇಂಥ ಚಿತ್ರದಲ್ಲಿ ದುಡ್ಡಿದ್ದೋರೆಲ್ಲ ಹಿಂಗೇ ಇರ್ತಾರೆ. ಹಿಂದೆ ಕುರ್ಚಿಯಲ್ಲಿ ನಮ್ಮ ಗಿರಣಿ ಸಾಹುಕಾರರು ಕೂತಿದ್ದರು. ಅವರಿಗೆ ಚುಚ್ಚಲಿ ಅಂತಲೇ ನೆಲದ ಮೇಲೆ ಕೂತ ನಾನು ಜೋರಾಗಿ ನಕ್ಕೆ.

ಪಕ್ಕದಲ್ಲಿದ್ದ ಹರಿಹರದ ಬಾಮೈದ ಅಂದ, "ಭಾವಾ, ಥೇಟ್ ನಿಮ್ಮಂಗೇ ಅದಾನಲ್ರಿ."

ಸುತ್ತಲಿನವರೆಲ್ಲ ತಿರುಗಿ ನನ್ನ ಹೊಟ್ಟೆ ನೋಡಿ ನಕ್ಕರು. ನಮ್ಮ ಸಾಹುಕಾರರೋ, ಒಣಗಿದ ಹತ್ತಿಕಡ್ಡಿ. ದೇವರು ಗಿರಣಿ ಅವರಿಗೆ ಕೊಟ್ಟು, ಹೊಟ್ಟೆ ನನಗೆ ಕೊಟ್ಟಿದ್ದಾನೆ.

ಇಂಟರ್‌ವಲ್‌ನಲ್ಲಿ ಅವರು ಹತ್ತಿರ ಬಂದು ನನ್ನ ಮಂಡಕ್ಕಿ ಮಿರ್ಚಿ ಪೊಟ್ಟಣವನ್ನೇ ದಿಟ್ಟಿಸಿದರು. "ಬಸಣ್ಣ, ಇಷ್ಟು ಮಿರ್ಚಿ ಹೆಂಗೆ ಅರಗಿಸ್ಕೊಂತೀಯೋ? ಡಾಕ್ಟ್ರು ನಂಗೆ ಗಂಜಿ ಬಿಟ್ರೆ ಏನೂ ಬ್ಯಾಡ ಅಂದಾರೆ."

ಒಂದು ಕೊಡ್ರಿ ಅಂತ ಬಾಮೈದ ಮೊಣಕೈಲಿ ತಿವಿದ. ನಾನು ಕೊಡಲಿಲ್ಲ. ಕುರ್ಚಿ ಅವರದು, ಗಿರಣಿ ಅವರದು. ಅವರು ನೋಡ್ತಾ ನಿಂತಂಗೇ ಇನ್ನೊಂದು ಮಿರ್ಚಿ ಕಚ್ಚಿದೆ. ಹೊಟ್ಟೆಕಿಚ್ಚು ನನಗೊಬ್ಬನಿಗೇ ಯಾಕಿರಬೇಕು?